ಕೊಸರು ಬೇಡ ಅಂದ ಆಯಪ್ಪ

ಆಯಪ್ಪ ಸತ್ತ ಸುದ್ದಿ ನನಗೆ ಸಿಕ್ಕಿದ್ದು ಹಾಲಿನ ಡೇರಿಯಲ್ಲಿ. ಹಾಲು ಹಾಕಿ ಕ್ಯಾನು ತೊಳೆಯುತ್ತಿದ್ದೆ. ಕೆ.ಜಿ.ಎಫ್.ನ ಕೋರಮಂಡಲ್ ಕಡೆಯಿಂದ ಹಿಂಡಿ ತಂದು ಮಾರುವವನೊಬ್ಬ ಇದ್ದಾನೆ. ಅವನು, "ಅಜ್ಜೀ, ನಿಮ್ ಏರೋಪ್ಲೇನ್ ಸಾರ್ ಓಗ್ಬುಟ್ರಂತಲ್ಲ" ಅಂದ. ಏನಾಗಿತ್ತಂತೆ ಅಂದೆ. ಎದೆನೋವಂತೆ ಅಂದ. ನಾನು ಕ್ಯಾನು ಕವುಚಿಟ್ಟು ಮನೆಗೆ ಬಂದು ದನಕ್ಕೆ ಹುಲ್ಲು ಹಾಕಿದೆ. ಅಳು ಬರಲಿಲ್ಲ, ನಾಚಿಕೆ ಬಂತು. ಆಯಪ್ಪನ ನೆನಪಾದಾಗೆಲ್ಲ ನನಗೆ ಬರುವುದು ಅದೊಂದೇ. ಅವನು ಬದುಕಿದ್ದಾಗಲೂ ಹಾಗೆಯೇ ಇತ್ತು.

ಸತ್ತವರ ವಿಚಾರದಲ್ಲಿ ಒಳ್ಳೆಯದನ್ನೇ ಹೇಳಬೇಕು ಅನ್ನುತ್ತಾರೆ. ಆಯಪ್ಪ ಒಳ್ಳೆಯವನೇ, ಆದರೆ ಅವನ ಜೊತೆ ಏಗುವುದು ಕಷ್ಟವಾಗಿತ್ತು. ಹೆಸರು ಬರೆಯುವುದಿಲ್ಲ. ಆ ಹೆಸರಿಗೆ ಆಗಬಾರದ್ದೆಲ್ಲ ಆಗಿಹೋಗಿದೆ, ನನ್ನಿಂದ ಇನ್ನಷ್ಟು ಬೇಡ. ಎದುರಿಗೆ ಸಾರ್ ಅನ್ನುತ್ತಿದ್ದೆವು, ಬೆನ್ನ ಹಿಂದೆ ಆಯಪ್ಪ.

ಬಂಗಾರಪೇಟೆಯಿಂದ ಕೆ.ಜಿ.ಎಫ್.ಗೆ ಹೋಗುವ ರಸ್ತೆಯಲ್ಲಿ, ನಮ್ಮೂರಿನ ಗೇಟಿನ ಹತ್ತಿರ, ಒಂದು ತಗಡಿನ ಶೆಡ್ಡಿದೆ. ಗಣಿ ಮುಚ್ಚಿ ಕೆಲವು ವರ್ಷಗಳಾದ ಮೇಲೆ ಒಂದು ವಿಮಾನದ ಕಂಪನಿಯವರು ಅದನ್ನು ಬಾಡಿಗೆಗೆ ಹಿಡಿದರು. ಭಾರಿ ಕಂಪನಿ ಅಂದುಕೊಳ್ಳಬೇಡಿ. ಇದ್ದದ್ದು ಎರಡು ವಿಮಾನ. ಮಿಲಿಟರಿಯಲ್ಲಿ ವಿಮಾನ ಓಡಿಸಿ ಪೆನ್ಷನ್ ಆಗಿ ಬಂದ ಒಬ್ಬ ಯಜಮಾನರು ಶುರು ಮಾಡಿದ್ದು. ಮೊದಲನೆಯ ವಿಮಾನ ಯಾವುದೋ ಹೊರದೇಶದಲ್ಲಿ ಟಪಾಲು ಹೊತ್ತು ಹೊತ್ತು ಮುದಿಯಾಗಿದ್ದದ್ದಂತೆ. ಮೇಲೆ ಬಣ್ಣ ಬಳಿದಿದ್ದರೂ, ಬಿಸಿಲು ಓರೆಯಾಗಿ ಬಿದ್ದಾಗ ಹಳೇ ಊರಿನ ಅಕ್ಷರ ಹೊಟ್ಟೆಯ ಮೇಲೆ ಉಬ್ಬಿ ಕಾಣುತ್ತದೆ ಅಂತ ಆಯಪ್ಪ ಹೇಳುತ್ತಿದ್ದ.

ಸಮುದ್ರದ ನಡುವೆ ಇರುವ ದ್ವೀಪಕ್ಕೆ ತರಕಾರಿ, ಸೊಪ್ಪು, ಹೂವು, ಔಷಧಿ ಒಯ್ಯುವುದು ಅದರ ಕಸುಬು. ಈರುಳ್ಳಿ, ಆಲೂಗಡ್ಡೆ ಹಡಗಿನಲ್ಲಿ ಹೋಗುತ್ತವೆ. ಕೊತ್ತಂಬರಿ ಸೊಪ್ಪು ಹಡಗು ಹತ್ತಿದರೆ ದಡ ಸೇರುವಷ್ಟರಲ್ಲಿ ಗೊಬ್ಬರ. ಅದಕ್ಕೇ ವಿಮಾನ. ವಾಪಸ್ಸು ಬರುವಾಗ ಐಸಿನಲ್ಲಿಟ್ಟ ಮೀನು. ನಡುನಡುವೆ ಯಾರಾದರೂ ಬಾಡಿಗೆಗೆ ಕೇಳಿದರೆ ಒಳಗೆ ಸೀಟು ಬಿಗಿದು ಜನರನ್ನೂ ಕೂರಿಸುತ್ತಿದ್ದರು. ಮದುವೆ ದಿಬ್ಬಣ, ಎಲೆಕ್ಷನ್ ಲೀಡರುಗಳು, ಯಾತ್ರೆ ಹೊರಟವರು. ಸೀಟು ಕಳಚಿದರೆ ಬೀನ್ಸು, ಬೀನ್ಸು ಇಳಿಸಿದರೆ ಸೀಟು. ನಮ್ಮೂರಿನ ಟೆಂಪೋದವನು ಬೆಳಗ್ಗೆ ತಿಪ್ಪೆಗೊಬ್ಬರ ಹೊಡೆದು ಮಧ್ಯಾಹ್ನ ಮದುವೆಗೆ ಜನ ತುಂಬುತ್ತಾನಲ್ಲ, ಹಾಗೆ. ರೇಷ್ಮೆ ಸೀರೆಯವರು ಮೀನಿನ ವಾಸನೆ ಅಂತ ಮೂಗು ಮುಚ್ಚಿಕೊಂಡರೆ, "ಸಮುದ್ರದ ಮೇಲೆ ಓಗ್ತಾ ಇದೀವಲ್ಲಮ್ಮ, ಗಾಳಿ ಬತ್ತದೆ" ಅಂತ ಒಂದು ಸಲ ಆಯಪ್ಪ ಸಮಾಧಾನ ಹೇಳಿದ್ದನಂತೆ. ಆಗ ವಿಮಾನ ಇನ್ನೂ ಬೆಂಗಳೂರಿನಲ್ಲೇ ನಿಂತಿತ್ತು.

ಶೆಡ್ಡಿನಲ್ಲಿ ನಮ್ಮ ಕೆಲಸ ಇಷ್ಟೇ. ಸುತ್ತಲ ರೈತರು ಕೊಯ್ದು ತಂದದ್ದನ್ನು ಆರಿಸಿ, ತೊಟ್ಟು ಮುರಿದು, ಪೆಟ್ಟಿಗೆಗೆ ತುಂಬುವುದು. ಆಯಪ್ಪ ಅದನ್ನು ಕಾಟಾ ಮೇಲಿಟ್ಟು ತೂಗಿ, ಪೆಟ್ಟಿಗೆಯ ಮೇಲೆ ನೀಲಿ ಬಳಪದಲ್ಲಿ ತೂಕ ಬರೆಯುತ್ತಿದ್ದ. ಆಮೇಲೆ ನಾವು ಬಾಯಿ ಮುಚ್ಚಿ ಟೇಪು ಹಾಕಬೇಕು. ಹೆಂಗಸರೆಲ್ಲ ನಮ್ಮೂರಿನವರು, ಪಕ್ಕದ ಹಳ್ಳಿಯವರು. ಅವರಿಗೆ ನಾನು ಮೇಸ್ತ್ರಿ. ಬೀನ್ಸಿನಲ್ಲಿ ಅರ್ಧಕ್ಕರ್ಧ ನಮ್ಮ ಹೊಲಗಳದ್ದೇ ಇರುತ್ತಿತ್ತು.

ವಿಮಾನ ಬಿಸಿಲು ನೆತ್ತಿಗೇರುವ ಮೊದಲೇ ಹಾರಬೇಕಿತ್ತು. ಹೊತ್ತಾದರೆ ಆ ದ್ವೀಪದಲ್ಲಿ ಇಳಿಯಲು ಬಿಡುವುದಿಲ್ಲ. ಬೆಂಗಳೂರಿನಲ್ಲಿ ಲಾರಿ ನಿಲ್ಲಿಸಿ ಇನ್ನೊಂದು ಸಲ ತೂಗುತ್ತಾ ಕೂತರೆ ಸೊಪ್ಪೂ ಬಾಡುತ್ತದೆ, ಹೊತ್ತೂ ಮೀರುತ್ತದೆ. ಆಯಪ್ಪ ಯಜಮಾನರ ಎದುರು ನಿಂತು ಮಾತು ಕೊಟ್ಟಿದ್ದ: ಬಂಗಾರಪೇಟೆಯ ತೂಕಕ್ಕೆ ನಾನು ಜವಾಬ್ದಾರಿ, ನನ್ನ ಪೆಟ್ಟಿಗೆ ಇನ್ನೊಂದು ಸಲ ತೂಗುವುದು ಬೇಡ. ಅವರು ಒಪ್ಪಿದ್ದರು. ಅಲ್ಲಿ ಪೆಟ್ಟಿಗೆಯನ್ನು ಮಿಷನ್ನಿನೊಳಗೆ ತಳ್ಳಿ ಚಾಕು ಇದೆಯಾ, ಬಾಂಬು ಇದೆಯಾ ಅಂತ ನೋಡುತ್ತಿದ್ದರೇ ಹೊರತು ತೂಕ ನೋಡುತ್ತಿರಲಿಲ್ಲ. ಆ ಒಂದು ಮಾತಿನ ಮೇಲೆ ನಮ್ಮ ಶೆಡ್ಡು ನಿಂತಿತ್ತು. ಆಯಪ್ಪನ ಹೆಸರೂ ಅದರ ಮೇಲೆಯೇ ನಿಂತಿತ್ತು.

ಆಯಪ್ಪ ಬೆಳಗಿನ ಮೊದಲ ರೈಲಿಗೆ ಮಾರಿಕುಪ್ಪಂ ಕಡೆಯಿಂದ ಬರುತ್ತಿದ್ದ. ಕೆಸರಿನ ಶೆಡ್ಡಿಗೆ ಕಪ್ಪು ಬೂಟು. ಆ ಬೂಟಿಗೆ ಸೊಪ್ಪಿನ ನೀರು ಬಿದ್ದರೆ ಅವತ್ತೆಲ್ಲ ಗೊಣಗಾಟ. ಬಂದವನೇ ಕಾಟಾದ ತಟ್ಟೆಯ ಧೂಳು ಊದಿ, ಜೇಬಿನ ಕರವಸ್ತ್ರದಲ್ಲಿ ಒರೆಸಿ, ಆಮೇಲೆ ಅದೇ ಕರವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ನಮ್ಮಲ್ಲಿ ಯಾರ ಕೈಯ ಟೀಯನ್ನೂ ಕುಡಿಯಲಿಲ್ಲ, ಮನೆಯಿಂದ ಫ್ಲಾಸ್ಕು ತರುತ್ತಿದ್ದ. ಹೊಗಳಿಕೆ ಅವನ ಬಾಯಲ್ಲಿ ನಾನು ಕೇಳಿಲ್ಲ. ಕೋಪ ತಮಿಳಿನಲ್ಲಿ, ತಮಾಷೆ ತೆಲುಗಿನಲ್ಲಿ, ಕೆಲಸದ ಮಾತು ಕನ್ನಡದಲ್ಲಿ. ಅವನು ಬಾಯಿ ತೆರೆದರೆ ಅವತ್ತಿನ ದಿನ ಹೇಗಿದೆ ಅಂತ ಮೊದಲ ಮಾತಿಗೇ ತಿಳಿಯುತ್ತಿತ್ತು.

ಅವನ ಅಪ್ಪ ನಂದಿದುರ್ಗ ಗಣಿಯಲ್ಲಿದ್ದವರು. ಆಳುಗಳನ್ನು ಕೆಳಗಿಳಿಸುವ ಕಬ್ಬಿಣದ ಪಂಜರ ಇರುತ್ತದಲ್ಲ, ಅದರ ಬಾಗಿಲಲ್ಲಿ ನಿಂತು ತಲೆ ಎಣಿಸಿ ಹತ್ತಿಸುವ ಕೆಲಸ. ಒಂದು ತಲೆ ಹೆಚ್ಚಿಗೆ ಬಿಡುತ್ತಿರಲಿಲ್ಲವಂತೆ. ಒಂದು ಸಲ ಸ್ವಂತ ಬಾಮೈದ ಓಡಿಬಂದು ನುಗ್ಗಲು ನೋಡಿದಾಗ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದರಂತೆ. ಆ ಬಾಮೈದ ವರ್ಷಗಟ್ಟಲೆ ಆ ಮನೆಯ ಹೊಸಿಲು ತುಳಿಯಲಿಲ್ಲ. "ನಮ್ಮಪ್ಪ ಎಣಿಸಿ ಕೆಳಕ್ಕೆ ಕಳಿಸ್ದ, ನಾನು ತೂಗಿ ಮೇಲಕ್ಕೆ ಕಳಿಸ್ತೀನಿ" ಅನ್ನುತ್ತಿದ್ದ ಆಯಪ್ಪ. ತಿಂಗಳಿಗೊಂದು ಸಲವಾದರೂ ಇದನ್ನು ಕೇಳಲೇಬೇಕು. ಹೊಸಬರು ಹೌದಾ ಸಾರ್ ಅನ್ನುತ್ತಿದ್ದರು. ನಾವು ತಲೆ ಎತ್ತದೆ ಬೀನ್ಸಿನ ತೊಟ್ಟು ಮುರಿಯುತ್ತಿದ್ದೆವು.

ಮನುಷ್ಯರನ್ನು ನೋಡಿದರೂ ಅವನಿಗೆ ತೂಕವೇ ಕಾಣುತ್ತಿತ್ತು. ಮೊದಮೊದಲು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡುವಾಗ ನಮಗೆ ಮೈ ಮುದುಡುತ್ತಿತ್ತು, ಸೆರಗು ಎಳೆದುಕೊಳ್ಳುತ್ತಿದ್ದೆವು. ಆಮೇಲೆ ತಿಳಿಯಿತು, ಅವನು ನೋಡುತ್ತಿದ್ದದ್ದು ಹೆಂಗಸರನ್ನಲ್ಲ, ಮೂಟೆಗಳನ್ನು. ನನ್ನ ಕಿರಿಮಗಳ ಮದುವೆಗೆ ಬಂದು ಅಳಿಯನನ್ನು ಒಂದು ಸಲ ನೋಡಿ, ನನ್ನ ಕಿವಿಯ ಹತ್ತಿರ ಬಂದು, "ಮಾಪಿಳ್ಳೆ ಒಳ್ಳೆಯೋನೇ ಅಕ್ಕಾ, ಆದ್ರೆ ಎರಡು ಪೆಟ್ಟಿಗೆ ಬೀನ್ಸ್ ಇಟ್ಟಂಗವ್ನೆ, ಚೆನ್ನಾಗಿ ಉಣ್ಣಾಕಿಕ್ಕಿ" ಅಂದ. ಅಳಿಯ ಈಗಲೂ ಅಷ್ಟೇ ಇದ್ದಾನೆ.

ಎಲೆಕ್ಷನ್ನಿನಲ್ಲಿ ಒಬ್ಬ ಲೀಡರು ವಿಮಾನ ಬಾಡಿಗೆಗೆ ಹಿಡಿದಿದ್ದರಂತೆ. ಅಂಥ ದಿನಗಳಲ್ಲಿ ಆಯಪ್ಪನನ್ನು ಬೆಂಗಳೂರಿಗೆ ಕರೆಸಿಕೊಳ್ಳುತ್ತಿದ್ದರು. ಲೀಡರಿನ ಹಿಂದೆ ಕರೆದವರು ಕರೆಯದವರು ಎಲ್ಲ ಸೇರಿ ಮೆಟ್ಟಿಲಿಗೆ ಬಂದರು. ಆಯಪ್ಪ ಅಡ್ಡ ನಿಂತು, ಇಷ್ಟು ಜನ ಹತ್ತಿದರೆ ವಿಮಾನ ಏಳುವುದಿಲ್ಲ, ಯಾರು ಇಳಿಯುತ್ತೀರಿ ಅಂದ. ಯಾರೂ ಮಿಸುಕಲಿಲ್ಲ. ಕೊನೆಗೆ ಅವರ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಇಳಿಸಿ, ಲೀಡರಿನ ಭಾವಮೈದನನ್ನೂ ಇಳಿಸಿ ಕಳಿಸಿದನಂತೆ. ಅವರಪ್ಪನ ಕಥೆ ಕೇಳಿದ್ದ ನಮಗೆ, ಅದೇನು ಈ ಮನೆಯವರಿಗೆ ಬಾಮೈದಂದಿರನ್ನು ಕಂಡರೆ ಆಗುವುದಿಲ್ಲವೇನೋ ಅಂತ ನಗು.

ಇನ್ನೊಂದು ಸಲ ದ್ವೀಪದಿಂದ ಬೆಂಗಳೂರಿನ ಆಸ್ಪತ್ರೆಗೆ ಬಂದು ತೀರಿಹೋದ ಯಾರದೋ ಹೆಣವನ್ನು ನಮ್ಮ ಬೀನ್ಸಿನ ಜೊತೆಗೇ ಕಳಿಸಬೇಕಾಯಿತು. ಆ ಹೆಣದ ಪೆಟ್ಟಿಗೆಯನ್ನು ಬೆಂಗಳೂರಿಗೆ ಹೋಗಿ ನಾನೇ ಕಾಟಾ ಮೇಲೆ ಇಡಿಸಿದೆ ಅಂತ ಮಾರನೆಯ ದಿನ ಹೇಳಿದ. ಸತ್ತವರನ್ನೂ ತೂಗಬೇಕಾ ಸಾರ್, ಪಾಪ ಅಲ್ಲವಾ ಅಂದೆ. "ಕೈ ಮುಗಿದು ತೂಗಿದೆ ಅಕ್ಕಾ. ಅದು ಸತ್ತೋರು ಅಂತ ವಿಮಾನಕ್ಕೆ ಎಂಗೆ ಗೊತ್ತಾಗ್ತದೆ" ಅಂದ. ಅವತ್ತು ಮಾತ್ರ ಅವನು ತಮಿಳೂ ಆಡಲಿಲ್ಲ, ತೆಲುಗೂ ಆಡಲಿಲ್ಲ.

ಇಂಥವನಿಗೆ ನಾವು ಗಂಟು ಬಿದ್ದೆವು. ಜಗಳ ಒಂದೇ ವಿಷಯಕ್ಕೆ, ಕೊಸರಿಗೆ.

ನಮ್ಮ ಕಡೆ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಕೊನೆಗೆ ಅಳತೆ ಮುಗಿದ ಮೇಲೆ ಒಂದು ಬೊಗಸೆ ಕೊಸರು. ಅದನ್ನು ಹಾಕದೆ ಸೇರು ಕವುಚಿಟ್ಟರೆ ಮನೆಯಲ್ಲಿ ಏಳಿಗೆ ಇಲ್ಲ. ಸರಿತೂಕ ಕೊಡುವವನು ಕಳ್ಳನಲ್ಲದಿದ್ದರೂ ಜಿಪುಣ. ಇದನ್ನು ಯಾರೂ ನಮಗೆ ಹೇಳಿಕೊಟ್ಟಿಲ್ಲ. ತಾಯಿ ಕೈ ನೋಡಿ ಮಗಳ ಕೈ ಕಲಿಯುತ್ತದೆ. ಹಾಗಾಗಿ ಆಯಪ್ಪ ತೂಗಿ ಬಳಪದಲ್ಲಿ ಬರೆದು ಪಕ್ಕಕ್ಕೆ ತಳ್ಳಿದ ಪೆಟ್ಟಿಗೆಗೆ, ಟೇಪು ಹಾಕುವ ಮೊದಲು, ಹೆಂಗಸರ ಕೈ ತಾನಾಗಿಯೇ ಒಂದು ಬೊಗಸೆ ಬೀನ್ಸು ಹಾಕಿಬಿಡುತ್ತಿತ್ತು. ಸೊಪ್ಪಾದರೆ ಒಂದು ಕಟ್ಟು. ನಮ್ಮ ಹೊಲದ್ದೇ ಮಾಲು, ಯಾರಪ್ಪನ ಗಂಟೂ ಅಲ್ಲ. ಎಲ್ಲೋ ಸಮುದ್ರದಾಚೆ ಕೂತು ಉಣ್ಣುವವರು, ಬಂಗಾರಪೇಟೆಯವರು ಹಿಡಿತದ ಜನ ಅನ್ನಬಾರದು, ಅಷ್ಟೇ. ಎಲ್ಲರಿಗಿಂತ ದೊಡ್ಡ ಕೈ ನನ್ನ ವಾರಗಿತ್ತಿ ಮುನೆಕ್ಕನದು. ಅವಳ ಬೊಗಸೆಯೆಂದರೆ ಮೊರ.

ಆಯಪ್ಪ ದಿನಾ ಬೆಳಗ್ಗೆ ಹೇಳುತ್ತಿದ್ದ, ಕೊಸರು ಹಾಕಬೇಡಿ. ನಾವು ಹೂಂ ಅನ್ನುತ್ತಿದ್ದೆವು. ಕಣ್ಣಿಗೆ ಬಿದ್ದರೆ ಬೈದು ತೆಗೆಸುತ್ತಿದ್ದ. ಆದರೆ ಕಾಟಾ ಕಡೆ ಮುಖ ಮಾಡಿದವನಿಗೆ ಬೆನ್ನ ಹಿಂದಿನದು ಎಲ್ಲಿ ಕಾಣಬೇಕು. ಒಂದು ಬೊಗಸೆಯಿಂದ ಏನಾಗುತ್ತದೆ ಸಾರ್ ಅಂತ ಒಮ್ಮೆ ವಾದಕ್ಕೆ ನಿಂತೆ. ನಮ್ಮ ಬಂಗಾರಪೇಟೆ ಲಾರಿ ಕೊನೆಗೆ ಬರುವುದರಿಂದ ನಮ್ಮ ಪೆಟ್ಟಿಗೆಗಳೆಲ್ಲ ವಿಮಾನದ ಬಾಲದಲ್ಲಿ ಕೂರುತ್ತವೆ, ಬಾಲ ಭಾರವಾದರೆ ಮೂಗು ಮೇಲೇಳುತ್ತದೆ ಅಂದ. ಅದು ನನಗೆ ತಿಳಿದದ್ದೇ. ಗಾಡಿಯ ಹಿಂದಕ್ಕೆ ಭಾರ ಹಾಕಿದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಹಿಸುಕುತ್ತದೆ. ಹೌದು ಸಾರ್ ಅಂದೆ. ಆಯಪ್ಪನಿಗೆ ಗಾಡಿ ಗೊತ್ತಿಲ್ಲ, ಗಣಿ ಕೂಲಿಗಳ ಲೈನುಮನೆಯಲ್ಲಿ ಬೆಳೆದವನು. ಆದರೂ ಆ ಮಾತು ಹಿಡಿಸಿತು. ಇನ್ನು ಇವರಿಗೆ ಅರ್ಥವಾಯಿತು ಅಂದುಕೊಂಡ. ಅರ್ಥ ನನಗೆ ಆಗಿತ್ತು, ಕೈಗೆ ಆಗಿರಲಿಲ್ಲ.

ಒಂದು ಬೇಸಿಗೆ. ಸುಡುಬಿಸಿಲು. ವಿಮಾನ ಬೆಂಗಳೂರಿನಿಂದ ಏಳುವಾಗ ಮೂಗು ಹಿಡಿತಕ್ಕೆ ಬರದೆ ಎಗರಿತಂತೆ. ಪೈಲಟ್ಟು ಹೇಗೋ ಸಂಭಾಳಿಸಿದರು. ಯಾರಿಗೂ ಏನೂ ಆಗಲಿಲ್ಲ. ದ್ವೀಪದಲ್ಲಿ ಇಳಿದ ಮೇಲೆ ಪ್ರತಿಯೊಂದು ಪೆಟ್ಟಿಗೆಯನ್ನೂ ತೂಗಿಸಿದರು. ಬೇರೆ ಊರಿನವು ಸರಿ ಇದ್ದವು. ಬಂಗಾರಪೇಟೆಯವು ಒಂದೊಂದೂ ಬರೆದದ್ದಕ್ಕಿಂತ ಹೆಚ್ಚು. ಎಲ್ಲ ಸೇರಿಸಿದರೆ ಇಬ್ಬರು ಗಂಡಾಳು ಬಾಲದಲ್ಲಿ ಬಚ್ಚಿಟ್ಟುಕೊಂಡು ಕೂತ ಹಾಗೆ.

ಇದನ್ನು ನಮಗೆ ಹೇಳಿದವನು ಲಾರಿ ಡ್ರೈವರು. ಅವನಿಗೆ ಗೊತ್ತಿದ್ದದ್ದೂ ಇಷ್ಟೇ. ತೂಕ ಹೆಚ್ಚಾಗಿ ವಿಮಾನ ಬೀಳುವುದರಲ್ಲಿತ್ತು, ಕಂಪನಿ ಆಫೀಸರು ಶೆಡ್ಡಿಗೆ ಬರುತ್ತಾರೆ, ಆಯಪ್ಪನ ಕೆಲಸ ಹೋಗುವ ಹಾಗಿದೆ.  ವಿಮಾನದ ಒಳಗಿದ್ದವರು ಯಾರ ಮಕ್ಕಳೋ. ನಾವು ಪುಣ್ಯ ಅಂದುಕೊಂಡು ಹಾಕಿದ ಬೊಗಸೆ ಅವರ ತಲೆಯ ಮೇಲೆ ಕೂತಿತ್ತು.

ಹೆಂಗಸರನ್ನೆಲ್ಲ ಸೇರಿಸಿದೆ. "ನಾಳೆ ಆಫೀಸರು ನಮ್ಮ ಕೆಲಸ ನೋಡಾಕೆ ಬತ್ತಾ ಅವ್ರೆ. ಒಬ್ಬಳ ಕೈಯಿಂದ ಒಂದು ಕಾಯಿ ಎಚ್ಚಿಗೆ ಬಿದ್ದದ್ದು ಕಂಡರೆ ಆ ಕೈ ನಾನೇ ಮುರೀತೀನಿ. ಆಯಪ್ಪನ ಅನ್ನದ ಪ್ರಶ್ನೆ ಕಣ್ರೇ" ಅಂದೆ. ಎಲ್ಲರೂ ತಲೆಯಾಡಿಸಿದರು. ಮುನೆಕ್ಕ, "ಅಂಗಾದ್ರೆ ನಾನು ಬರೋದೇ ಬೇಡ ಬಿಡು" ಅಂದಳು. ನೀನು ಬರದಿದ್ದರೆ ಅನುಮಾನ ಬರುತ್ತದೆ, ಬಾ ಅಂದೆ.

ಮಾರನೆಯ ದಿನ ಆಯಪ್ಪ ರೈಲಿನಲ್ಲಿ ಬರಲಿಲ್ಲ, ಆಫೀಸರ ಜೊತೆ ಕಾರಿನಲ್ಲಿ ಬಂದ. ನಮ್ಮ ಜೊತೆ ಮಾತಾಡಕೂಡದು ಅಂತ ಅವನಿಗೆ ಹೇಳಿದ್ದರೋ ಏನೋ, ದೂರವೇ ನಿಂತ. ನನಗೆ ಆಶ್ಚರ್ಯವಾದದ್ದು ಅವನ ಮುಖ. ಹೆದರಿಕೆ ಇರಲಿಲ್ಲ. ಬೀಗರ ಮನೆಯಲ್ಲಿ ಇನ್ನೇನು ಊಟಕ್ಕೆ ಕರೆಯುತ್ತಾರೆ ಅಂತ ಕೂತವನ ಹಾಗೆ ನೆಮ್ಮದಿಯಾಗಿದ್ದ. ಆಫೀಸರು ಎಂದಿನಂತೆ ಕೆಲಸ ಮಾಡಿ ಅಂದರು.

ಮಾಡಿದೆವು. ನಾವು ಅಷ್ಟು ಚೆನ್ನಾಗಿ ಎಂದೂ ಮಾಡಿರಲಿಲ್ಲ. ತುಂಬುವುದು, ಕಾಟಾಕ್ಕೆ ಇಡುವುದು, ಆಯಪ್ಪ ಬರೆಯುವುದು, ನಾವು ಟೇಪು ಎಳೆಯುವುದು. ಬೊಗಸೆಗಳೆಲ್ಲ ಮಡಿಲಲ್ಲೇ ಉಳಿದವು. ಟೇಪು ಹಾಕಿದ ಪೆಟ್ಟಿಗೆಗಳನ್ನು ಆಫೀಸರು ತಾವೇ ತಂದಿದ್ದ ಇನ್ನೊಂದು ಕಾಟಾದ ಮೇಲೆ ಇಡಿಸಿ ನೋಡುತ್ತಿದ್ದರು. ಒಂದೊಂದೂ ಸರಿ. ನಾನು ಹೆಮ್ಮೆಯಿಂದ ಆಯಪ್ಪನ ಕಡೆ ನೋಡಿದೆ. ಅವನ ಮುಖದ ನೆಮ್ಮದಿ ಇಳಿದುಹೋಗಿತ್ತು. ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ಒಂದು ಪೆಟ್ಟಿಗೆ ಸರಿ ಬಂದ ಹಾಗೆಲ್ಲ ಅವನ ಮುಖ ಇನ್ನಷ್ಟು ಸಣ್ಣದಾಗುತ್ತಿತ್ತು.

ತಡೆಯಲಾರದೆ ಅವನು ಬಾಯಿಬಿಟ್ಟ. "ಅಕ್ಕಾ, ದಿನಾ ಎಂಗೆ ಮಾಡ್ತೀರೋ ಅಂಗೇ ಮಾಡಿ."

ನಾನು, ಆಫೀಸರ ಎದುರಿಗೆ ತೋರಿಕೆಗೆ ಹೇಳುತ್ತಿದ್ದಾನೆ ಅಂದುಕೊಂಡೆ. "ದಿನಾ ಇಂಗೇ ಅಲ್ವಾ ಸಾರ್ ಮಾಡೋದು" ಅಂದೆ.

ಆಫೀಸರು ಅವನಿಗೆ ಸುಮ್ಮನಿರಲು ಹೇಳಿದರು. ಅಷ್ಟರಲ್ಲಿ ಮುನೆಕ್ಕನ ಕೈ, ಪಾಪ, ಅಭ್ಯಾಸದ ಬಲ, ಬೀನ್ಸು ತುಂಬಿಕೊಂಡು ಪೆಟ್ಟಿಗೆಯ ಕಡೆ ಹೊರಟಿತ್ತು. ಆಫೀಸರು ಕಾಟಾದ ಕೆಂಪು ಅಂಕಿ ನೋಡುತ್ತಿದ್ದರು. ಆಯಪ್ಪ ನೋಡಿದ. ಒಂದು ಹೆಜ್ಜೆ ಮುಂದೆಯೂ ಬಂದ. ನಾನು ಅವಳ ಮಣಿಕಟ್ಟಿನ ಮೇಲೆ ಬಾರಿಸಿದೆ. ಬೀನ್ಸು ಚೆಲ್ಲಿ ನೆಲಕ್ಕೆ ಬಿತ್ತು. ಆಫೀಸರು ತಿರುಗುವಷ್ಟರಲ್ಲಿ ಅವಳು ಕೆಳಗೆ ಬಿದ್ದದ್ದನ್ನು ಆರಿಸುತ್ತಿದ್ದಳು.

ಆಫೀಸರು ನನ್ನನ್ನು ಕರೆದು ಕೇಳಿದರು. ತೂಗಿದ ಮೇಲೆ ನೀವು ಪೆಟ್ಟಿಗೆಗೆ ಏನಾದರೂ ಸೇರಿಸುವುದುಂಟಾ, ಕೊಸರು ಅಂತ? ನನಗೆ ಆಗಲಾದರೂ ಬುದ್ಧಿ ಬರಬೇಕಿತ್ತು. ಕೊಸರು ಅನ್ನುವ ಮಾತು ಆ ಬೆಂಗಳೂರಿನವರ ಬಾಯಿಗೆ ಹೇಗೆ ಬಂತು ಅಂತ ಯೋಚಿಸಬೇಕಿತ್ತು. ನಾನು ಯೋಚಿಸಲಿಲ್ಲ. "ಒಂದು ಕಾಯಿನೂ ಆಕಲ್ಲ ಸಾರ್. ಈ ಸಾರ್ ಆಕಾಕೆ ಬಿಡೋರಾ? ಇಂಥ ನಿಯತ್ತಿನ ಮನುಷ್ಯನ್ನ ನಾವು ಕಂಡಿಲ್ಲ" ಅಂದೆ. ಸುತ್ತ ಇದ್ದವರೂ ಹೌದು ಹೌದು ಅಂದರು.

ಆಫೀಸರು ಆಯಪ್ಪನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದರು. ಗಟ್ಟಿಯಾಗಿ ಅನ್ನಲಿಲ್ಲ. ಆಯಪ್ಪ ಕಾಟಾದ ಸ್ವಿಚ್ಚು ಆರಿಸಿ, ಅದರ ಮೇಲೆ ಗೋಣಿಯ ಹೊದಿಕೆ ಎಳೆದು, ಹೋಗಿ ಕಾರಿನಲ್ಲಿ ಕೂತ. ನನ್ನ ಕಡೆ ನೋಡಲಿಲ್ಲ. ನಾವು, ಗಂಡಾಂತರ ಕಳೆಯಿತು ಅಂತ ಮುನೆಕ್ಕನಿಗೆ ಟೀ ಅಂಗಡಿಯಿಂದ ಬನ್ನು ತರಿಸಿ ತಿನ್ನಿಸಿದೆವು.

ಸಂಜೆ ಡ್ರೈವರು ಬಂದು ಪೂರ್ತಿ ವಿಷಯ ಹೇಳಿದ. ಕಂಪನಿಯವರ ಅನುಮಾನ, ಯಾರೋ ವ್ಯಾಪಾರಿಯ ಜೊತೆ ಸೇರಿಕೊಂಡು ಆಯಪ್ಪ ತೂಕ ಕಡಿಮೆ ಬರೆದು ಹೆಚ್ಚಿಗೆ ಮಾಲು ಕದ್ದು ಸಾಗಿಸುತ್ತಿದ್ದಾನೆ ಅಂತ. ಆಯಪ್ಪ ಹೇಳಿದ್ದು ಒಂದೇ ಮಾತು: ನಮ್ಮ ಹೆಂಗಸರು ಕೊಸರು ಹಾಕುತ್ತಾರೆ, ಬೇಡ ಅಂದರೂ ಹಾಕುತ್ತಾರೆ, ಹಾಕಿದ್ದು ಅವರಿಗೇ ತಿಳಿಯುವುದಿಲ್ಲ. ಬೇಕಾದರೆ ಬಂದು ನಿಂತು ನೋಡಿ. ಒಂದು ಪೆಟ್ಟಿಗೆಗಾದರೂ ಹಾಕದಿದ್ದರೆ ನನ್ನನ್ನು ಕಳ್ಳ ಅನ್ನಿ.

ನಾವು ಹಾಕಿರಲಿಲ್ಲ.

ಅವನನ್ನು ಅವತ್ತೇ ತೆಗೆದರು. ನಾನೂ ಮುನೆಕ್ಕನೂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕಂಪನಿಯ ಗೇಟಿನಲ್ಲಿ ನಿಂತೆವು. ಒಳಗೆ ಬಿಡಲಿಲ್ಲ. ಕಾವಲಿನವನು ಫೋನು ಹಚ್ಚಿಕೊಟ್ಟ. ನಾವು ಹಾಕುತ್ತಿದ್ದೆವು ಸಾರ್, ಅವತ್ತು ಸುಳ್ಳು ಹೇಳಿದೆವು ಅಂದೆ. ಆ ಕಡೆಯಿಂದ ಆಫೀಸರು, "ಅವತ್ತು ಇಲ್ಲ ಅಂದ್ರಿ, ಇವತ್ತು ಹೌದು ಅಂತೀರಿ. ಹೀಗೆ ಹೇಳಿ ಅಂತ ಯಾರಮ್ಮ ಕಳಿಸಿದ್ದು?" ಅಂತ ಕೇಳಿದರು.  ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಆಮೇಲೆ ನಮ್ಮ ಪೆಟ್ಟಿಗೆಗಳನ್ನೆಲ್ಲ ಬೆಂಗಳೂರಿನಲ್ಲಿ ಬಿಚ್ಚಿ ತೂಗಲು ಶುರು ಮಾಡಿದರು. ಸೊಪ್ಪು ಬಾಡಿತು, ದ್ವೀಪದ ವ್ಯಾಪಾರಿ ಬೇರೆ ಕಡೆ ತಿರುಗಿದ, ಶೆಡ್ಡಿಗೆ ಬೀಗ ಬಿತ್ತು. ಕಂಪನಿಯೂ ಬಹಳ ಕಾಲ ಬಾಳಲಿಲ್ಲ. ಮುದಿ ವಿಮಾನಕ್ಕೆ ಬೇಕಾದ ಸಾಮಾನು ಸಿಗದೆ ಅದು ನಿಂತಿತು, ಯಜಮಾನರು ಹಾಸಿಗೆ ಹಿಡಿದರು, ಇನ್ನೊಂದನ್ನು ಯಾರೋ ಒಯ್ದರು. ನಿಂತ ವಿಮಾನದ ರೆಕ್ಕೆಯ ಸಂದಿಯಲ್ಲಿ ಗೊರವಂಕ ಗೂಡು ಕಟ್ಟಿದೆ ಅಂತ ಡ್ರೈವರು ಹೇಳಿದ. ಕಂಪನಿ ನಮ್ಮಿಂದ ಮುಚ್ಚಲಿಲ್ಲ, ಗೊತ್ತು. ಆದರೆ ಆಯಪ್ಪನ ಬಾಳು ನಮ್ಮಿಂದಲೇ ಮುಚ್ಚಿತು. ಕೆ.ಜಿ.ಎಫ್. ಏನು ದೊಡ್ಡ ಊರಲ್ಲ. ಮಾತು ಹರಡಿತು. ಸಿಮೆಂಟಿನ ಅಂಗಡಿಯಲ್ಲಿ ಮೂಟೆ ಎಣಿಸುವ ಕೆಲಸ ಸಿಕ್ಕಿತು. ಕಾಟಾ ಇರುವ ಕಡೆ ಅವನನ್ನು ಯಾರೂ ಇಟ್ಟುಕೊಳ್ಳಲಿಲ್ಲ.

ಎಷ್ಟೋ ವರ್ಷದ ಮೇಲೆ ಮಾರಿಕುಪ್ಪಂ ರೈಲಿನಲ್ಲಿ ಸಿಕ್ಕ. ನಾನು ನೋಡದ ಹಾಗೆ ಮುಂದಿನ ಡಬ್ಬಿಗೆ ಹೋಗಬೇಕು ಅಂದುಕೊಂಡೆ. ಅವನೇ ಸರಿದು ಕೂತು ಜಾಗ ಮಾಡಿ ಕರೆದ. ತಲೆ ಪೂರ್ತಿ ನರೆತಿತ್ತು. ಕಾಲಲ್ಲಿ ಚಪ್ಪಲಿ. ದನ ಕರ, ಮಕ್ಕಳು ಮರಿ ಎಲ್ಲ ವಿಚಾರಿಸಿದ. ನಾನು ಕಿಟಕಿ ಕಡೆ ನೋಡುತ್ತಲೇ ಉತ್ತರ ಕೊಟ್ಟೆ. ಕೊನೆಗೆ ತಾನಾಗಿಯೇ, "ಮುನೆಕ್ಕನ ಕೈ ಎಂಗದೆ ಅಕ್ಕಾ? ಅವತ್ತು ನೀವು ಒಡೆದ ಏಟು ಕಾಟಾ ಮ್ಯಾಲೆ ಬಿದ್ದಿದ್ರೆ ಕಾಟಾನೇ ಒಡ್ದೋಗ್ತಿತ್ತು" ಅಂದ. ತೆಲುಗಿನಲ್ಲಿ ಇನ್ನೂ ಏನೋ ಸೇರಿಸಿ ನಕ್ಕ.

"ನಿಮ್ಮ ಕೆಲಸ ಉಳೀಲಿ ಅಂತ ಮಾಡಿದ್ದು ಸಾರ್" ಅಂದೆ.

"ಗೊತ್ತು ಅಕ್ಕಾ. ಅದಕ್ಕೇ ಯಾರನ್ನ ಬೈಬೇಕು ಅಂತ ತಿಳೀಲಿಲ್ಲ."

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಕೋರಮಂಡಲ್ ಸ್ಟೇಷನ್ ಬಂತು, ಬರ್ತೀನಿ ಅಂತ ಹೇಳಿ ಇಳಿದುಹೋದ. ಅದೇ ಕೊನೆ.

ಹದಿನಾರನೆಯ ದಿನದ ಕಾರ್ಯಕ್ಕೆ ಒಬ್ಬಳೇ ಹೋದೆ. ಮುನೆಕ್ಕ ಈಗಿಲ್ಲ. ಲೈನುಮನೆಯ ಮುಂದೆ ಶಾಮಿಯಾನ, ಒಂದಷ್ಟು ಕುರ್ಚಿ. ನನ್ನ ಹಿಂದಿನ ಕುರ್ಚಿಯಲ್ಲಿ ಕೂತ ಇಬ್ಬರು ಮಾತಾಡುತ್ತಿದ್ದರು. ಒಳ್ಳೆಯ ಮನುಷ್ಯನೇ, ಏನು ಮಾಡೋದು, ಏರೋಪ್ಲೇನಿನಲ್ಲಿ ಕಳ್ಳಮಾಲು ಸಾಗಿಸಿ ಸಿಕ್ಕಿಬಿದ್ದ, ಆಮೇಲೆ ಏಳಲೇ ಇಲ್ಲ ಅಂತ.

ನಾನು ಎದ್ದು ನಿಂತೆ. ಸತ್ತ ಮನೆಯಲ್ಲಿ ಹೆಂಗಸು ಗಂಡಸರ ನಡುವೆ ನಿಂತು ಮಾತಾಡುವುದು ನಮ್ಮಲ್ಲಿಲ್ಲ. ಆದರೂ ನಿಂತು ಎಲ್ಲವನ್ನೂ ಹೇಳಿದೆ, ಈಗ ಬರೆದ ಹಾಗೆಯೇ. ಕೊಸರು, ಆಫೀಸರು, ಮುನೆಕ್ಕನ ಕೈಗೆ ಹೊಡೆದದ್ದು. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಮುಗಿದ ಮೇಲೆ ವಯಸ್ಸಾದ ಒಬ್ಬರು, "ಅಜ್ಜೀ, ಮಾರೋ ಮಾಲನ್ನ ಯಾರಾನಾ ಪುಕ್ಕಟೆ ಎಚ್ಚಿಗೆ ಕೊಡ್ತಾರಾ? ಆಯಪ್ಪ ನಿಮ್ಮನ್ನ ಚೆನ್ನಾಗಿ ನಂಬಿಸವ್ನೆ, ಪಾಪ" ಅಂದರು. ಕೆಲವರು ಅಯ್ಯೋ ಅನ್ನುವ ಹಾಗೆ ನನ್ನ ಕಡೆ ನೋಡಿದರು. 

ಆಯಪ್ಪನ ಹೆಂಡತಿ ಬಂದು ನನ್ನ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಗೋಡೆಯ ಬದಿಗೆ ಕೂರಿಸಿ ಎಲೆ ಹಾಕಿದಳು. ಬಗ್ಗಿ ಅನ್ನ ಬಡಿಸುವವಳು, ಹೊರಗಿನವರಿಗೆ ಕೇಳದ ಹಾಗೆ, "ನಿಜಾನಾ ಅಕ್ಕಾ?" ಅಂದಳು.

ಇಷ್ಟು ವರ್ಷ ಅವನ ಜೊತೆ ಬದುಕಿದವಳು.

"ನಿಜಾನಮ್ಮ" ಅಂದೆ.

ಅವಳು ಸೌಟು ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತಳು. ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ ಸಾರು ತರಲು ಒಳಗೆ ಹೋದಳು. ಊಟ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಹಸಿವಾಗಿತ್ತು, ಉಂಡೆ. ತಲೆ ಮಾತ್ರ ಎತ್ತಲಿಲ್ಲ.